ಅಪ್ಪನಿಗೆ ಒಗ್ಗದ ಕುದುರೆ

ಬೆವರು ಹೀರಿದ ಚರ್ಮದ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಪ್ಪ ನಮ್ಮೂರಿನ ಪಟೇಲರು. ಆ ಮಧ್ಯಾಹ್ನ ಕಂದು ಕುದುರೆ ಅವರನ್ನು ಮೂರನೆಯ ಸಲ ಕೆಡವಿತ್ತು, ಅದೂ ಸೂಳೆಕೆರೆ ಏರಿಯ ಮೇಲೆ, ಜನರ ಎದುರಿಗೆ. ಮನೆಗೆ ಬಂದವರೇ ಒದ್ದೆ ಜೀನನ್ನು ಬಿಚ್ಚಿ ಅಂಗಳಕ್ಕೆ ಎಸೆದರು.

"ನಾಳೆನೇ ಇದನ್ನ ಮಾರಿಬಿಡ್ತೀನಿ!"

ಹದಿನಾಲ್ಕರ ನನ್ನಕ್ಕ ಕುದುರೆಯ ಬಾಯಿಯ ರಕ್ತ ಒರೆಸುತ್ತಿದ್ದಳು. "ಕುದುರೆದೇನು ತಪ್ಪೈತಪ್ಪಾ? ನೀವು ಲಗಾಮು ಜಗ್ಗಿ ಜಗ್ಗಿ ಬಾಯಿ ಹರಿದೈತೆ ನೋಡ್ರಿ" ಎಂದವಳೇ ಬರಿಬೆನ್ನಿನ ಮೇಲೆ ಹತ್ತಿ ಅಂಗಳ ಸುತ್ತಿದಳು. ಕುದುರೆ ತಣ್ಣಗೆ ನಡೆಯಿತು. ಆಳುಗಳು ನೋಡುತ್ತ ನಿಂತರು.

"ಇಳಿಯೇ ಕೆಳಗೆ!" ಅಪ್ಪ ಕಿರುಚಿದರು.

ಮರುದಿನ ಕುದುರೆ ಹೊನ್ನಾಳಿಯ ವ್ಯಾಪಾರಿಯ ಪಾಲಾಯಿತು. ಆ ವಾರವೇ ಅಪ್ಪ ಗಂಡಿನ ಕಡೆಯವರನ್ನು ಕರೆಸಿದರು. ಅಕ್ಕ ಅವರೆದುರು ತಲೆ ತಗ್ಗಿಸದೆ, ಅಪ್ಪನ ಮುಖವನ್ನೇ ದಿಟ್ಟಿಸಿ ನೋಡುತ್ತ ಕುಳಿತಳು.