ಕಣ್ಣು ಬಿಡದ ಮಾನಿಟರು

ಅಣೆಕಟ್ಟೆಯ ಗೋಡೆಗೆ ಬಳಿದ ಕೆಂಪು ಗೆರೆಯನ್ನು ನೀರು ಮುಟ್ಟಿದರೆ ಸೈರನ್ ಒತ್ತುವುದಷ್ಟೇ ಮರಿಸಿದ್ದಯ್ಯನ ಕೆಲಸ. ಗೆರೆಯಿಂದ ಆಳೆತ್ತರ ಮೇಲೆ ಕ್ಯಾಮೆರಾ ಇತ್ತು. ಮೂರು ಮೈಲಿ ಕೆಳಗಿನ ಕೋಣೆಯಲ್ಲಿ ಕೂತು ಮಾನಿಟರಿನಲ್ಲಿ ಆ ಗೆರೆಯನ್ನು ನೋಡುತ್ತಿದ್ದರೆ ಸಾಕು.

ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದರೆ ಮಾನಿಟರು ಕಪ್ಪಗಾಗಿತ್ತು. ಮೌಸ್ ಅಲುಗಿಸಿದ, ವೈರು ಕಿತ್ತು ಮತ್ತೆ ಸಿಕ್ಕಿಸಿದ, ಸಿಟ್ಟಿಗೆ ಅದರ ನೆತ್ತಿಗೆರಡು ಬಿಟ್ಟ. ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಕಂಬಳಿ ಒಗೆಯೋಕೆ ಹೊಳೆಗೆ ಬಂದಿದೀವಿ. ಮಕ್ಕಳು ನೀರಿಗಿಳೀತೀವಿ ಅಂತ ಕುಣೀತಾವೆ. ಇಳಿಸಲಾ?"

"ಸೈರನ್ ಏನಾದ್ರೂ ಕೂಗ್ತಾ?"

"ಇಲ್ಲ."

"ಮತ್ತೇನು? ಇಳಿಸು. ನಾನಿಲ್ಲಿ ಈ ದರಿದ್ರದ ಜೊತೆ ಹೆಣಗ್ತಾ ಇದೀನಿ."

ಆಮೇಲೆ ರಿಪೇರಿಯವನಿಗೆ ಫೋನು ಹಚ್ಚಿದ.

"ಕೆಳಗೆ ಮೆನು ಬಟನ್ ಅದೆಯಲ್ಲಣ್ಣ, ಒತ್ತು. ಏನಾದ್ರೂ ಬಂತಾ?"

"ಬಂತು. ಅಕ್ಷರ ಚೆನ್ನಾಗೇ ಕಾಣ್ತವೆ. ಹಿಂದೆ ಮಾತ್ರ ಬರೀ ಕಪ್ಪು."

"ಹಂಗಾದ್ರೆ ಮಾನಿಟರು ಸರಿಯಾಗೇ ಅದೆ. ಕ್ಯಾಮೆರಾಕ್ಕೇ ಏನೋ ಅಡ್ಡ ಬಂದದೆ, ನೋಡು."

ಮರಿಸಿದ್ದಯ್ಯ ಕನ್ನಡಕ ಏರಿಸಿಕೊಂಡು ಬಗ್ಗಿದ.

ಕಪ್ಪಿನೊಳಗಿಂದ ಒಂದು ಮೀನು ಬಂದು, ಗಾಜಿಗೆ ಮೂತಿ ತಾಗಿಸಿ, ಮೆಲ್ಲಗೆ ಬಾಲ ಆಡಿಸಿತು.