ದುಭಾಷಿಯ ಮೊದಲ ಕರೆ

ಗಂಡನ ಕೊಲೆಯಾದ ಮೇಲೆ ದೇಶ ಬಿಟ್ಟು ಬಂದವಳಿಗೆ ಆಶ್ರಯ ಕೊಡುವ ತೀರ್ಮಾನ ಇನ್ನೂ ಆಗಿರಲಿಲ್ಲ. ದುಡಿಯಲು ಪರವಾನಗಿ ಮಾತ್ರ ಅಂತೂ ಇಂತೂ ಸಿಕ್ಕಿತ್ತು. ಹೊಸದಾಗಿ ಆಶ್ರಯ ಕೇಳುವವರ ಕನ್ನಡವನ್ನು ಫೋನಿನಲ್ಲೇ ಅಧಿಕಾರಿಗೆ ಅನುವಾದಿಸುವ ಕೆಲಸ. ಕಿವಿಗೆ ಬಿದ್ದ ಒಂದು ಮಾತನ್ನೂ ಬಿಡುವಂತಿಲ್ಲ.

ಮೊದಲ ಕರೆಯಲ್ಲೇ ಕೇಳಿಸಿದ್ದು ಅವಳ ಅಣ್ಣನ ದನಿ. ಅವನಿಗೆ ಗುರುತು ಹತ್ತದಂತೆ ಅವಳು ದನಿ ಬದಲಿಸಿದಳು.

"ಊರು ಬಿಟ್ಟಿದ್ದು ಯಾಕೆ ಅಂತ ಸಾಹೇಬರು ಕೇಳ್ತಿದ್ದಾರೆ."

"ನೀವು ನಮ್ಮೋರು ಮೇಡಂ, ನಿಮ್ಮತ್ರ ಮುಚ್ಚಿಡೋದೇನು. ತಂಗಿ ಬೇರೆ ಜಾತಿಯೋನ್ನ ಕಟ್ಕೊಂಡ್ಲು, ಅವನನ್ನ ನಾನೇ ಮುಗಿಸ್ದೆ. ಈಗ ಪೊಲೀಸ್ರು ಬೆನ್ನು ಬಿದ್ದಿದಾರೆ. ಅದೊಂದು ಬಿಟ್ಟು ಇನ್ನೇನಾದ್ರೂ ಚೆನ್ನಾಗಿ ಹೇಳಿ."

"ಆಯ್ತು," ಎಂದು ಅವಳು ಅಷ್ಟನ್ನೂ ಅಧಿಕಾರಿಗೆ ಅನುವಾದಿಸಿದಳು, 'ಅದೊಂದು ಬಿಟ್ಟು' ಎಂಬುದನ್ನೂ ಸೇರಿಸಿ.