ಉಡದಾರದ ಉಂಗುರ

ತಂಗಿಯ ಮಗಳನ್ನು ತೊಡೆಯ ಮೇಲೆ ಆಡಿಸುತ್ತಿದ್ದ ತಾಯಪ್ಪನ ಬೆರಳು ಕೂಸಿನ ಉಡದಾರದಲ್ಲಿ ಸಿಕ್ಕಿಕೊಂಡಿತು. ಕರಿಮಣಿಗಳ ನಡುವೆ ಒಂದು ಲೋಹದ ಉಂಗುರ. ಬೆಳಕಿಗೆ ತಿರುಗಿಸಿ ಅದರ ಮೇಲಿನ ಅಂಕಿಗಳನ್ನು ಓದಿದವನು ಮತ್ತೊಮ್ಮೆ ಓದಿದ.

ಚಳಿಗಾಲ ಬಂತೆಂದರೆ ಅವನು ಪಕ್ಷಿಧಾಮದ ಕೆರೆಗೆ ಸಂಬಳವಿಲ್ಲದ ಕಾವಲುಗಾರ. ಹೋದ ವರ್ಷ ಪಕ್ಷಿತಜ್ಞರು ಗುರುತಿಗೆಂದು ಹೆಬ್ಬಾತೊಂದರ ಕಾಲಿಗೆ ಇದೇ ಉಂಗುರ ತೊಡಿಸುವಾಗ ಹಕ್ಕಿಯನ್ನು ಎದೆಗವಚಿ ಹಿಡಿದಿದ್ದವನೂ ಅವನೇ. ಈ ಸಲವೂ ಅದು ಬರುತ್ತದೆಂದು ದಿನಾ ಕಾಯುತ್ತಿದ್ದ.

“ಕರೆಮ್ಮ, ಇದು ಎಲ್ಲಿ ಸಿಕ್ತು?”

“ಕಾಲುವಿ ಕೆಳಗಿನ ಗದ್ದಿಯಾಗ. ಹಕ್ಕಿ ಭತ್ತ ತುಳ್ಯಾಕತ್ತಾವ ಅಂತ ನಮ್ಮನಿಯವ್ರು ಬಲೆ ಹಾಕಿದ್ರು.” ತಂಗಿ ರೊಟ್ಟಿ ಬಡಿಯುತ್ತಲೇ ಹೇಳಿದಳು. “ಹಿಮಾಲಯ ದಾಟಿ ಬರೋ ಹಕ್ಕಿ ಅಂತ ನೀನ ಹೇಳಿದ್ಯಲ್ಲ? ಕೂಸಿಗೆ ಎರಡು ವರ್ಷಾದ್ರೂ ಹೆಜ್ಜಿ ಬಂದಿಲ್ಲ. ಆ ಬಲ ಇದಕ್ಕೂ ಬರಲಿ ಅಂತ ಕಟ್ಟೀನಿ.”

“ಹಕ್ಕಿ ಏನಾತು?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಕರೆಮ್ಮ ಅಣ್ಣನ ಮುಖವನ್ನು ಅಚ್ಚರಿಯಿಂದ ನೋಡಿದಳು.

“ಹೋದ ಐತಾರ ನೀನ ಉಂಡಿಯಲ್ಲಣ್ಣ. ಹುಂಜ ಮುದಿ ಆಗಿತ್ತೇನು, ಖಂಡ ಭಾಳ ಗಟ್ಟಿ ಅದ ಅಂದಿದ್ದಿ.”